ಅತಿಶೀತ ಪ್ರದೇಶದ ಸಸ್ಯಲಕ್ಷಣಗಳನ್ನು ಅಳೆಯುವ ಕ್ರಮ

ಟಂಡ್ರಾದಲ್ಲಾಗಲಿ, ಪರ್ವತಗಳ ಮೇಲೆ ಮರಗಳು ಬೆಳೆಯಲಾರದಷ್ಟು ಎತ್ತರದಲ್ಲಾಗಲಿ ಸಸ್ಯಗಳ ಲಕ್ಷಣಗಳು ಹೇಗೆ ಬದಲಾಗುತ್ತವೆ ಎಂದು ತಿಳಿಯಬಯಸುವವರು ಮೊದಲು ನೆಲದ ಏರಿಳಿತವನ್ನು ಗಮನಿಸಬೇಕು. ಗಾಳಿಯಿಂದಾಗಿ ಹಿಮ ನಿಲ್ಲದ ದಿಬ್ಬದ ನೆತ್ತಿಗೂ, ಬೇಸಿಗೆ ಬಂದರೂ ಹಿಮ ಬೇಗ ಕರಗದ ತಗ್ಗಿಗೂ ಕೆಲವೇ ಮೀಟರುಗಳ ಅಂತರವಿದ್ದರೂ, ಅಲ್ಲಿ ಬೆಳೆಯುವ ಒಂದೇ ಪ್ರಭೇದದ ಗಿಡಗಳ ಎತ್ತರ, ಎಲೆಯ ಅಗಲ, ದಪ್ಪ ಬೇರೆಬೇರೆಯಾಗಿರಬಹುದು. ಆದ್ದರಿಂದ ದಿಬ್ಬ, ಇಳಿಜಾರು, ತಗ್ಗುಗಳನ್ನು ಪ್ರತ್ಯೇಕ ತಾಣಗಳೆಂದು ಗುರುತಿಸಿ, ಪ್ರತಿ ತಾಣದಲ್ಲೂ ಪ್ರತಿ ಪ್ರಭೇದದ ಹತ್ತು ಗಿಡಗಳನ್ನಾದರೂ ಆರಿಸಿಕೊಳ್ಳಿ. ಆರಿಸುವಾಗ ಗಿಡಗಳ ನಡುವೆ ಹಲವು ಮೀಟರುಗಳ ಅಂತರವಿರಲಿ. ನೆಲದಡಿಯಲ್ಲಿ ಹರಡುವ ಕುಬ್ಜ ವಿಲ್ಲೋ ಎಂಬ ಗಿಡ್ಡ ಪೊದೆಯಲ್ಲಿ ಹತ್ತು ಗಿಡಗಳಂತೆ ಕಾಣುವುದು ಒಂದೇ ಗಿಡದ ಹತ್ತು ರೆಂಬೆಗಳಾಗಿರುವುದುಂಟು.

ತಾಪಮಾನವನ್ನು ಗಿಡದ ಎತ್ತರದಲ್ಲೇ ದಾಖಲಿಸಬೇಕು. ದಿಂಬಿನಂತೆ ಒತ್ತಾಗಿ ಬೆಳೆಯುವ ಸೈಲೀನ್ ಅಕಾಲಿಸ್ ಎಂಬ ಗಿಡ ಬಿಸಿಲಿನಲ್ಲಿ ಸುತ್ತಲಿನ ಗಾಳಿಗಿಂತ 10 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬೆಚ್ಚಗಿರಬಲ್ಲದಾದ್ದರಿಂದ, ಎರಡು ಮೀಟರ್ ಎತ್ತರದಲ್ಲಿ ಹವಾಮಾನ ಕೇಂದ್ರ ಅಳೆದ ತಾಪಮಾನವು ಆ ಗಿಡ ಅನುಭವಿಸುವ ಚಳಿಯನ್ನು ತಿಳಿಸುವುದಿಲ್ಲ.

ಎತ್ತರವನ್ನು ನೆಲದಿಂದ ಅತಿ ಮೇಲಿನ ಹಸಿರೆಲೆಯವರೆಗೆ, ಗಿಡವನ್ನು ಎಳೆದು ನೆಟ್ಟಗೆ ಮಾಡದೆ ಅಳೆಯಬೇಕು. ಹೂವಿನ ದಂಟನ್ನು ಸೇರಿಸಬಾರದು. ಪೂರ್ತಿ ಬಲಿತ, ಹುಳು ತಿನ್ನದ ಎಲೆಗಳನ್ನು ಕಿತ್ತು, ತೇವದ ಕಾಗದದಲ್ಲಿ ಸುತ್ತಿ ತಂಪಾಗಿರಿಸಿ, ಒಂದು ದಿನದೊಳಗೆ ಸ್ಕ್ಯಾನ್ ಮಾಡಿ ವಿಸ್ತೀರ್ಣ ಕಂಡುಕೊಳ್ಳಿ. ಬಳಿಕ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಒಣಗಿಸಿ ತೂಗಿ. ಒಂದೊಂದೇ ಎಲೆ ತೂಕಕ್ಕೆ ಸಿಗದಷ್ಟು ಹಗುರವಾಗಿದ್ದರೆ ಒಂದೇ ಗಿಡದ ಹಲವು ಎಲೆಗಳನ್ನು ಒಟ್ಟಿಗೆ ತೂಗಬಹುದು, ಆದರೆ ಎಷ್ಟು ಎಲೆಗಳೆಂಬುದನ್ನು ಬರೆದಿಡಲೇಬೇಕು.

ವಿಸ್ತೀರ್ಣವನ್ನು ಒಣತೂಕದಿಂದ ಭಾಗಿಸಿದಾಗ ಬರುವ ಸಂಖ್ಯೆ ಚಿಕ್ಕದಾದಷ್ಟೂ ಎಲೆ ದಪ್ಪ ಅಥವಾ ಗಟ್ಟಿಯಾಗಿರುತ್ತದೆ. ಆದರೆ ಹಲವು ವರ್ಷ ಎಲೆ ಉಳಿಸಿಕೊಳ್ಳುವ ನಿತ್ಯಹರಿದ್ವರ್ಣ ಪೊದೆಯನ್ನೂ ಪ್ರತಿವರ್ಷ ಎಲೆ ಉದುರಿಸುವ ವಿಲ್ಲೋವನ್ನೂ ಸೇರಿಸಿ ಸರಾಸರಿ ತೆಗೆದರೆ, ಆ ಅಂಕಿಯಿಂದ ಚಳಿಯ ಪರಿಣಾಮವೇನೂ ತಿಳಿಯದು.

ಕಂಡ ವ್ಯತ್ಯಾಸ ಪರಿಸರದ್ದೋ ಅನುವಂಶೀಯವೋ ಎಂಬುದನ್ನು ಗಿಡ ಬೆಳೆದ ಜಾಗದಲ್ಲೇ ಮಾಡಿದ ಅಳತೆಯೊಂದೇ ಹೇಳಲಾರದು. ಸಸ್ಯವಿಜ್ಞಾನಿಗಳಾದ ಮೂನಿ ಮತ್ತು ಬಿಲ್ಲಿಂಗ್ಸ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿರಿಯಾ ಡೈಜೀನಾ ಎಂಬ ಸಸ್ಯದ ಆರ್ಕ್ಟಿಕ್ ಹಾಗೂ ಪರ್ವತ ಮೂಲದ ಗಿಡಗಳನ್ನು ಸಮಾನ ಪರಿಸರದಲ್ಲಿ ಬೆಳೆಸಿದಾಗಲೂ ದ್ಯುತಿಸಂಶ್ಲೇಷಣೆಯ ವ್ಯತ್ಯಾಸಗಳು ಉಳಿದಿದ್ದವು. ಅಂಥ ಪ್ರಯೋಗಕ್ಕೆ ಬೇರುಸಹಿತ ಕಿತ್ತ ಗಿಡಗಳಿಗಿಂತ ಬೀಜವೇ ಮೇಲು. ಶೀತವಲಯದ ಅನೇಕ ಸಸ್ಯಗಳಲ್ಲಿ ಮೊಗ್ಗುಗಳು ಹಿಂದಿನ ವರ್ಷವೇ ರೂಪುಗೊಂಡಿರುವುದರಿಂದ, ಕಿತ್ತು ತಂದ ಗಿಡದ ಮೊದಲ ಬೇಸಿಗೆಯ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬಾರದು.