ಕಡಗೋಲಿಗೆ ಎದ್ದ ಕಾಫಿ ನೊರೆ

2020ರ ಏಪ್ರಿಲ್. ಒಂದು ಕಡೆ ಲಾಕ್‌ಡೌನ್, ಇನ್ನೊಂದು ಕಡೆ ದಾವಣಗೆರೆಯ ಬಿಸಿಲು. ಮಗಳು ಮೊಬೈಲಿನಲ್ಲಿ, ತಣ್ಣನೆ ಹಾಲಿನ ಮೇಲೆ ಬಡಿದ ಕಾಫಿ ನೊರೆ ಹಾಕುವ ಡಾಲ್ಗೋನಾ ಕಾಫಿ ತೋರಿಸಿ, "ಮಾಡಿಕೊಡಮ್ಮ" ಎಂದಳು. ಡಾಲ್ಗೋನಾ ಅಂದರೆ ಕೊರಿಯಾದಲ್ಲಿ ಸಕ್ಕರೆ ಕರಗಿಸಿ, ಸೋಡಾ ಹಾಕಿ ಮಾಡುವ ಮಿಠಾಯಿ. ಈ ನೊರೆ ಅದರಂತೆಯೇ ಇರುತ್ತದೆ ಅಂತ ಆ ಹೆಸರು. ಉತ್ತರ ಭಾರತದ ಮನೆಗಳಲ್ಲಿ ಕಾಫಿಪುಡಿ, ಸಕ್ಕರೆ ಬಡಿದು ನೊರೆ ಮಾಡುವುದು ಅದಕ್ಕೂ ಮೊದಲಿಂದಲೇ ಇತ್ತು.

ನಾನು ಮೊದಲು ಮಾಡಿದ್ದು ತಪ್ಪು. ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್‌ಗೆ ಸಕ್ಕರೆ ಹಾಕಿ ಅರ್ಧ ಗಂಟೆ ಬಡಿದೆ. ಮೇಲೆ ನಾಲ್ಕು ಗುಳ್ಳೆ ಬಂತು, ಅಷ್ಟೇ. ಡಿಕಾಕ್ಷನ್‌ನಲ್ಲಿ ನೀರು ಜಾಸ್ತಿ, ಕಾಫಿಬೀಜದ ಎಣ್ಣೆಯೂ ಇರುತ್ತದೆ. ನೊರೆ ನಿಲ್ಲುವುದಿಲ್ಲ. ಇದಕ್ಕೆ ಇನ್‌ಸ್ಟಂಟ್ ಪುಡಿಯೇ ಬೇಕು.

ಎರಡು ದೊಡ್ಡ ಚಮಚ ಪುಡಿ, ಅದೇ ಚಮಚದಲ್ಲಿ ಎರಡು ಚಮಚ ಸಕ್ಕರೆ, ಎರಡು ಚಮಚ ಬಿಸಿನೀರು. ಇಷ್ಟರಲ್ಲಿ ಮೂರು ಲೋಟಕ್ಕೆ ಆಗುತ್ತದೆ. ನೀರನ್ನು ಅಂದಾಜಿನಲ್ಲಿ ಸುರಿಯಬೇಡಿ, ಅಳೆದೇ ಹಾಕಿ. ಸಕ್ಕರೆ ಜಾಸ್ತಿ ಆಯ್ತು ಅನಿಸಿ ಒಮ್ಮೆ ಅರ್ಧ ಚಮಚಕ್ಕೆ ಇಳಿಸಿದ್ದೆ. ನೊರೆ ಎದ್ದಿತು, ಆದರೆ ಹಾಲಿನ ಮೇಲೆ ಹಾಕುತ್ತಲೇ ಕುಸಿಯಿತು. ಸಕ್ಕರೆ ಬರೀ ಸಿಹಿಗೆ ಅಲ್ಲ. ಅದು ಪಾಕದ ಹಾಗೆ ಅಂಟಾಗಿ ಗುಳ್ಳೆಗಳ ನಡುವಿನ ನೀರು ಬೇಗ ಇಳಿಯದಂತೆ ಹಿಡಿದಿಡುತ್ತದೆ. ನೊರೆಯ ಸಕ್ಕರೆ ಇಳಿಸುವಂತಿಲ್ಲ, ಅದಕ್ಕೇ ಈಗ ಹಾಲಿಗೆ ಸಕ್ಕರೆ ಹಾಕುವುದನ್ನೇ ಬಿಟ್ಟಿದ್ದೇನೆ.

ಚಮಚದಲ್ಲಿ ಬಡಿದು ಬಡಿದು ಕೈ ಸೋತಿತ್ತು. ಅತ್ತೆ ನೋಡಿ, "ಅಲ್ಲವ್ವಾ, ಚಮಚದಾಗೆ ಎಲ್ಲಿ ಆಗ್ತೈತೆ? ಕಡಗೋಲು ತಗೋ" ಎಂದರು. ಅಲ್ಲಿಂದ ಕೆಲಸ ಹಗುರವಾಯಿತು. ಅಗಲ ಬಟ್ಟಲು ಬೇಡ. ಕಡಗೋಲಿನ ತಲೆ ಹಿಡಿಸುವಷ್ಟು ಕಿರಿದಾದ, ಎತ್ತರದ ಪಾತ್ರೆ ತಗೊಳ್ಳಿ. ಇಷ್ಟು ಕಡಿಮೆ ಪುಡಿ-ನೀರು ಅಗಲ ಪಾತ್ರೆಯಲ್ಲಿ ಹರಡಿಕೊಂಡರೆ ಕಡಗೋಲಿಗೆ ಸಿಗುವುದೇ ಇಲ್ಲ. ಒಂದು ಹನಿ ಎಣ್ಣೆಜಿಡ್ಡೂ ಇರಬಾರದು. ಮಜ್ಜಿಗೆ ಕಡೆದ ಕಡಗೋಲಾದರೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ.

ಮೊದಲು ಕಪ್ಪಗೆ, ತೆಳ್ಳಗೆ ಇರುತ್ತದೆ. ಆಮೇಲೆ ಬೆಲ್ಲದ ಬಣ್ಣ, ಕೊನೆಗೆ ಹುರಿದ ಶೇಂಗಾ ಬಣ್ಣ. ನಡುವೆ ನಿಲ್ಲಿಸಬೇಡಿ. ನನಗೆ ಎಂಟು-ಹತ್ತು ನಿಮಿಷ ಹಿಡಿಯುತ್ತದೆ. ಕಡಗೋಲು ಎತ್ತಿದರೆ ನೊರೆಯ ತುದಿ ನಿಲ್ಲಬೇಕು, ಪಾತ್ರೆ ಓರೆ ಮಾಡಿದರೂ ಜಾರಬಾರದು. ನಮ್ಮೂರ ದೋಸೆ ಮೇಲಿಡುವ ಬೆಣ್ಣೆ ಇರುತ್ತದಲ್ವಾ, ಹಾಗೆ.

ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು ಫ್ರಿಜ್‌ನಲ್ಲಿಟ್ಟಿರಿ. ಲೋಟಕ್ಕೆ ಐಸ್, ಮುಕ್ಕಾಲು ಹಾಲು, ಮೇಲೆ ನೊರೆ. ಕುಡಿಯುವ ಮೊದಲು ಕಲಕಲೇಬೇಕು. ಸುಮ್ನೆ ನೊರೆಯನ್ನಷ್ಟೇ ಬಾಯಿಗಿಟ್ಟರೆ ತುಂಬಾ ಕಹಿ.

ಅತ್ತೆಗೆ ತಣ್ಣಗಿನದು ಆಗುವುದಿಲ್ಲ. ಅವರಿಗೆ ಬಿಸಿ ಹಾಲಿನ ಮೇಲೆ ಒಂದು ಚಮಚ ನೊರೆ. ಬಿಸಿಗೆ ಅದು ಬೇಗ ಕರಗುತ್ತದೆ. ಅದಕ್ಕೆ ಅವರು ಜಗಲಿಯಲ್ಲಿ ಕೂತ ಮೇಲೆಯೇ ಲೋಟ ಒಯ್ದು, ನೊರೆಯನ್ನು ಅಲ್ಲೇ ಹಾಕಿ ಕೊಡುತ್ತೇನೆ.