ಪೀಸ್ ನದಿಯಲ್ಲಿ ಸಿಕ್ಕಿದ್ದು ಮೂಳೆಯೋ, ಬರೀ ಕಲ್ಲೋ?

ಅಮೆರಿಕದ ಫ್ಲೋರಿಡಾದ ಪೀಸ್ ನದಿಗೆ ಪಳೆಯುಳಿಕೆ ಹುಡುಕಲು ಜರಡಿ ಹಿಡಿದು ಹೋಗುವವರಿಗೆ ಒಂದು ಮಾತು. ಶಾರ್ಕ್ ಹಲ್ಲನ್ನು ಎಲ್ಲರೂ ಗುರುತಿಸುತ್ತಾರೆ. ತಲೆ ಕೆಡಿಸುವುದು ಉಗುರಿನಷ್ಟು, ಬೆರಳಿನಷ್ಟು ಇರುವ ಕಪ್ಪು ಚೂರುಗಳು.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ಫಾಸ್ಫೇಟ್ ಕಲ್ಲೂ ಕಪ್ಪು, ಮೂಳೆಯೂ ಕಪ್ಪು. ಚೂರನ್ನು ತೊಳೆದು, ಮುರಿದ ಕಡೆ ನೋಡಿ. ಬ್ರೆಡ್ಡಿನ ಹಾಗೆ ಸಣ್ಣ ಸಣ್ಣ ತೂತುಗಳಿದ್ದರೆ ಸಾಮಾನ್ಯವಾಗಿ ಅದು ಮೂಳೆ. ಮೋಸ ಮಾಡುವುದು ಡುಗಾಂಗ್ ಎಂಬ ಕಡಲ ಹಸುವಿನ ಪಕ್ಕೆಲುಬು. ಒಳಗೆಲ್ಲ ಗಟ್ಟಿ, ಕೈಗೆ ಭಾರ, ಬಾಳೆಹಣ್ಣಿನಂತೆ ಬಾಗಿರುತ್ತದೆ. ಮೊದಲ ಸಲ ಇಂಥ ಮೂರು ತುಂಡನ್ನು ಕಲ್ಲು ಅಂತ ಸುಮ್ನೆ ನೀರಿಗೆ ಎಸೆದು ಬಂದಿದ್ದೆ!

ಆಮೇಲೆ ಮೇಲ್ಭಾಗ ನೋಡಿ. ದಪ್ಪ ಬಿಲ್ಲೆಯ ಮೇಲೆ ರಂಗೋಲಿ ಹೂವಿನಂಥ ಗೆರೆ ಇದೆಯಾ? ಅದು ಗ್ಲಿಪ್ಟೊಡಾಂಟ್ ಎಂಬ ದೈತ್ಯ ಪ್ರಾಣಿಯ ಚಿಪ್ಪಿನ ಚೂರು, ಮೈಮೇಲೆ ಚಿಪ್ಪಿರುವ ಇವತ್ತಿನ ಆರ್ಮಡಿಲೊಗೆ ನೆಂಟ. ಹೂವಿನ ಬದಲು ಗುಂಡಿ ಗುಂಡಿಯಾಗಿದ್ದು ನಡುವೆ ಏಣು ಎದ್ದಿದ್ದರೆ ಆಲಿಗೇಟರ್ ಬೆನ್ನಿನದು. ಎರಡೂ ಕಡೆ ಬಟ್ಟಲಿನಂತೆ ತಗ್ಗಿರುವ ದುಂಡು ಬಿಲ್ಲೆ ಹೆಚ್ಚಾಗಿ ಮೀನಿನ ಬೆನ್ನುಮೂಳೆ.

ಹಳೆಯದೋ ಹೊಸದೋ ಅನ್ನುವ ಅನುಮಾನವೇ? ಒಂದು ತುದಿಗೆ ಲೈಟರ್ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದರೆ ಅದು ಇತ್ತೀಚಿನ ದನದ್ದೋ ಹಂದಿಯದೋ ಇರಬಹುದು.

ಸಿಕ್ಕಿದ್ದು ಏನೆಂದು ಕೇಳಲು ಫೋಟೊ ಹಾಕುವಾಗ ಪಕ್ಕದಲ್ಲಿ ನಾಣ್ಯ ಇಡಿ, ಮುರಿದ ತುದಿಯನ್ನೂ ತೋರಿಸಿ. ಹಾಂ, ಶಾರ್ಕ್ ಹಲ್ಲಿಗೆ ಬೇಡ, ಆದರೆ ಮೂಳೆ ಎತ್ತಲು ಫ್ಲೋರಿಡಾ ಮ್ಯೂಸಿಯಂನ ಪರ್ಮಿಟ್ ಬೇಕು.