ಚುಕ್ಕೆ ಮಾಸಿದ ಚೀತಾ

ಈಗ ಅಳಿದುಹೋಗಿರುವ ಅಮೆರಿಕದ ಚೀತಾವನ್ನು ಜೇಡಿಮಣ್ಣಿನಲ್ಲಿ ಮಾಡಲು ಕೂತಾಗ ಸುಲಭದ ಕೆಲಸ ಅಂದುಕೊಂಡಿದ್ದೆ. ಆಫ್ರಿಕಾದ ಚೀತಾ ಮಾಡಿ ಕೈ ಪಳಗಿತ್ತು. ಅದನ್ನೇ ತುಸು ದಪ್ಪ ಮಾಡಿ, ಮೈತುಂಬ ಚುಕ್ಕೆ ಇಟ್ಟು, ಕಣ್ಣಿಂದ ಬಾಯಿವರೆಗೆ ಆ ಕಪ್ಪು ಗೆರೆ ಎಳೆದೆ.

ಓದಿದ್ದು ಆಮೇಲೆ. ಮೊದಲೇ ಓದಬೇಕಿತ್ತು ಅಲ್ವಾ? ಇದರ ಹೆಸರು ಮಿರಾಸಿನೋನಿಕ್ಸ್ ಟ್ರುಮಾನಿ. ಉದ್ದ ಕಾಲು, ಗಿಡ್ಡ ಮೂತಿ ನೋಡಿ 1970ರ ದಶಕದಲ್ಲಿ ಇದು ಚೀತಾದ ಹತ್ತಿರದ ನೆಂಟ ಅಂದಿದ್ದರು. 2005ರಲ್ಲಿ ಮೂಳೆಯ ಡಿಎನ್‌ಎ ಬೇರೆ ಕಥೆ ಹೇಳಿತು: ಹತ್ತಿರದ ನೆಂಟ ಪ್ಯೂಮಾ, ಅಮೆರಿಕದ ದೊಡ್ಡ ಕಾಡುಬೆಕ್ಕು. ಚೀತಾ ಸ್ವಲ್ಪ ದೂರದ ದಾಯಾದಿ. ಓಡುವ ಮೈಕಟ್ಟು ಇದಕ್ಕೂ ಚೀತಾಕ್ಕೂ ಬೇರೆ ಬೇರೆಯಾಗಿ ಬಂದಿದ್ದು.

ಸರಿ, ಎರಡನೇ ಸಲ ತಲೆಬುರುಡೆಯಿಂದ ಶುರು ಮಾಡಿದೆ. ಬುರುಡೆಯ ಫೋಟೊವನ್ನು ಗೊಂಬೆಯ ಅಳತೆಗೇ ಪ್ರಿಂಟ್ ತೆಗೆದು, ತಂತಿಯನ್ನು ಅದರ ಮೇಲಿಟ್ಟು ಬಗ್ಗಿಸಿದೆ. ಮೂಗಿಗೇ ಅರ್ಧ ದಿನ ಹೋಯಿತು. ಒಳಗೆ ಗಾಳಿ ಆಡಲು ಜಾಗ ಜಾಸ್ತಿ ಇರುವ ಮೂಗು ಇದು. ಹಾಗಾಗಿ ಮೂಗಿನ ಸೇತುವೆ ಅಗಲವಾಗಿ ಉಬ್ಬಿರಬೇಕು. ಹೆಬ್ಬೆರಳು ಕೊಂಚ ಜೋರಾಗಿ ಒತ್ತಿತೋ, ಮುಖ ಸಾಕುಬೆಕ್ಕಿನ ಥರ ಆಗುತ್ತಿತ್ತು. ಮೂರು ಸಲ ಮಣ್ಣು ಕಿತ್ತು ಮತ್ತೆ ಮೆತ್ತಿದೆ.

ಬಣ್ಣದ್ದು ಇನ್ನೊಂದು ತಲೆನೋವು. ಮೂಳೆ ಬಣ್ಣ ಹೇಳೋದಿಲ್ಲ. ದೊಡ್ಡ ಪ್ಯೂಮಾಕ್ಕೆ ಚುಕ್ಕೆ ಇಲ್ಲ, ಆದರೆ ಮರಿಗೆ ಇರುತ್ತದೆ, ಬೆಳೆದಂತೆ ಮಾಸುತ್ತದೆ. ಅದನ್ನೇ ಹಿಡಿದುಕೊಂಡೆ. ಒಣಹುಲ್ಲಿನ ಬಣ್ಣದ ಮೈ, ಪಕ್ಕೆಯಲ್ಲಿ ಮಾತ್ರ ಕಂಡೂ ಕಾಣದ ಚುಕ್ಕೆ. ಇದು ನನ್ನ ಊಹೆ, ಪುರಾವೆ ಅಲ್ಲ.

ಕೆಳಗಿನ ಪೀಠಕ್ಕೆ ಮೊದಲು ಹುಲ್ಲುಗಾವಲು ಮಾಡಿದ್ದೆ. ಅಮೆರಿಕದ ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್, ಅಲ್ಲಿನ ಈಗಿನ ಯಾವ ಬೇಟೆಗಾರ ಪ್ರಾಣಿಗೂ ಸಿಗದಷ್ಟು ಜೋರಾಗಿ ಓಡುವುದು ಈ ಬೆಕ್ಕಿನ ಭಯಕ್ಕೇ ಅನ್ನುವ ವಾದ ನನಗೆ ತುಂಬಾ ಇಷ್ಟ. ಆದರೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಗುಹೆಗಳ ಮೂಳೆಗಳ ಬಗ್ಗೆ 2022ರಲ್ಲಿ ಬಂದ ಅಧ್ಯಯನ, ಇದು ಕಡಿದಾದ ಬಂಡೆಗಳಲ್ಲಿ ಬೆಟ್ಟದ ಆಡನ್ನೂ ಹಿಡಿಯುತ್ತಿದ್ದಿರಬಹುದು ಅಂತ ಹೇಳಿತು. ಹುಲ್ಲನ್ನು ಅರ್ಧ ಕಿತ್ತೆ. ಈಗ ಮುಂಗಾಲು ಬಂಡೆ ಮೇಲಿದೆ, ಹಿಂಗಾಲು ಹುಲ್ಲಿನಲ್ಲಿದೆ.

ಮೊದಲನೆಯದು, ಆ ಚುಕ್ಕೆಯದು, ಟಿವಿ ಪಕ್ಕ ನಿಂತಿದೆ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಎತ್ತಿಕೊಳ್ಳುತ್ತಾರೆ.